ಸೌಳಿಗೆ ಜಿಪ್ಸಂ ಹಾಕುವ ಮುಂಚೆ

ಬೇಸಿಗೆಯಲ್ಲಿ ನಮ್ಮ ಸಿಂಧನೂರು ಕಡೆ ಬಂದರೆ ಕೆಲವು ಎರೆ ಹೊಲಗಳ ಮೇಲೆ ಬೆಳ್ಳನೆ ಪುಡಿ ಕಾಣುತ್ತದೆ. ಅದು ಉಪ್ಪು. ನಾವು ಸೌಳು ಅನ್ನುತ್ತೇವೆ. ಹೀಗಾದ ಹೊಲ ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ತುಂಗಭದ್ರಾ ಅಣೆಕಟ್ಟು ಮುಗಿದದ್ದು 1953ರಲ್ಲಿ. ನಮ್ಮ ಕಡೆಗೆ ನೀರು ತರುವ ಅದರ ಎಡದಂಡೆ ಕಾಲುವೆಯ ಬಹುಪಾಲು ನೀರು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗೆ ಅಂತ ಲೆಕ್ಕ ಹಾಕಿದ್ದರು. ಬಂದದ್ದು ಭತ್ತ. ಭತ್ತದಲ್ಲಿ ನಾಲ್ಕು ದುಡ್ಡು ಸಿಗುತ್ತದೆ, ಬೆಳೆದವರನ್ನು ದೂರಲು ನನಗೆ ಮನಸ್ಸಿಲ್ಲ. ಆದರೆ ಎರೆ ಮಣ್ಣಿನಲ್ಲಿ ನೀರು ಸುಲಭವಾಗಿ ಬಸಿಯುವುದಿಲ್ಲ. ವರ್ಷಾನುಗಟ್ಟಲೆ ನೀರು ನಿಲ್ಲಿಸಿದರೆ ಕೆಳಗಿನ ನೀರಿನ ಮಟ್ಟ ಬೇರಿನ ಹತ್ತಿರ ಬಂದುಬಿಡುತ್ತದೆ. ಆಮೇಲೆ ಬತ್ತಿ ಎಣ್ಣೆ ಹೀರಿದ ಹಾಗೆ ಮಣ್ಣು ಅದನ್ನು ಮೇಲಕ್ಕೆ ಎಳೆಯುತ್ತದೆ. ಬಿಸಿಲಿಗೆ ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ತಗ್ಗಿನ ಹೊಲದವರಿಗೆ ಮೇಲಿನವರ ಬಸಿ ನೀರೂ ಸೇರುತ್ತದೆ.

ನಮ್ಮ ದೊಡ್ಡಪ್ಪನ ಹೊಲದಲ್ಲೂ ಸೌಳು ಎದ್ದಿದೆ. ಅದಕ್ಕೆ ಅವರು ಜಿಪ್ಸಂ (ಕ್ಯಾಲ್ಸಿಯಂ ಇರುವ ಖನಿಜದ ಪುಡಿ) ತರಿಸಲು ಹೊರಟಿದ್ದರು. "ಮೊದಲು ಮಣ್ಣು ಪರೀಕ್ಷೆ ಮಾಡಿಸೋಣ ದೊಡ್ಡಪ್ಪ" ಅಂದೆ. ಪೂರ್ತಿ ನೆನೆಸಿದ ಮಣ್ಣಿನಿಂದ ತೆಗೆದ ನೀರಿನ ಇ.ಸಿ. (ಉಪ್ಪು ಎಷ್ಟಿದೆ ಅಂತ ತೋರಿಸುವ ಅಳತೆ) 4 ದಾಟಿದರೆ ಅದು ಸವಳು, ಅಂದರೆ ಬರೀ ಉಪ್ಪು ಜಾಸ್ತಿಯಾದ ಮಣ್ಣು. (ಬೇರೆ ವಿಧಾನದಲ್ಲಿ ಅಳೆದಿದ್ದರೆ ಈ 4 ಹೊಂದುವುದಿಲ್ಲ, ಲ್ಯಾಬಿನವರನ್ನು ಕೇಳಿಯೇ ತಿಳಿದುಕೊಳ್ಳಿ.) ಪಿ.ಎಚ್. 8.5ಕ್ಕಿಂತ ಜಾಸ್ತಿ ಇದ್ದು ಮಣ್ಣಿನ ಕಣಕ್ಕೆ ಸೋಡಿಯಂ ಅಂಟಿಕೊಂಡಿದ್ದರೆ ಅದು ಕ್ಷಾರ. ಜಿಪ್ಸಂ ಬೇಕಾಗುವುದು ಕ್ಷಾರಕ್ಕೆ. ಅದರ ಕ್ಯಾಲ್ಸಿಯಂ ಸೋಡಿಯಂ ಅನ್ನು ಮಣ್ಣಿನ ಕಣದಿಂದ ಬಿಡಿಸುತ್ತದೆ. ದೊಡ್ಡಪ್ಪನ ಹೊಲದ್ದು ಬರೀ ಸವಳು. ಅದಕ್ಕೆ ಜಿಪ್ಸಂ ಹಾಕಿದರೆ ದುಡ್ಡು ಸುಮ್ನೆ ಮಣ್ಣುಪಾಲು.

ಕ್ಷಾರವೇ ಇದ್ದರೂ ಬಿಡಿಸಿದ ಸೋಡಿಯಂ ಹೊಲದಿಂದ ಆಚೆ ಹೋಗಬೇಕು, ಅಲ್ವಾ? ದಾರಿ ಇಲ್ಲದಿದ್ದರೆ ಅದು ಅಲ್ಲೇ ಇರುತ್ತದೆ. ಹಾಗಾಗಿ ಎರಡಕ್ಕೂ ಬೇಕಾದ್ದು ಬಸಿಗಾಲುವೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ಮಣ್ಣಿನೊಳಗೆ ಪೈಪ್ ಹಾಕುವ ಪದ್ಧತಿಯ ಮೇಲೆ ಕೆಲಸ ಮಾಡಿದ್ದಾರೆ. ತೂತಿರುವ ಪೈಪಿಗೆ ಸೋಸುವ ಬಟ್ಟೆ ಸುತ್ತಿ, ಸುಮಾರು ಒಂದು ಮೀಟರ್ ಆಳದಲ್ಲಿ, ಇಳಿಜಾರಾಗಿ ಹೂಳುತ್ತಾರೆ. ಉಪ್ಪು ನೀರಿನ ಜೊತೆ ಪೈಪಿಗಿಳಿದು ಹೊರಗೆ ಹೋಗುತ್ತದೆ. ಖರ್ಚು ಜಾಸ್ತಿ. ಒಬ್ಬರೇ ಮಾಡುವ ಕೆಲಸವೂ ಅಲ್ಲ, ಯಾಕೆಂದರೆ ಆ ನೀರು ಮುಂದಿನವರ ಹೊಲ ದಾಟಿಯೇ ಹಳ್ಳ ಸೇರಬೇಕು.

ನಮ್ಮ ಕೆಳಗಿನ ಹಳೇ ಬಸಿಗಾಲುವೆಯಲ್ಲಿ ಜಾಲಿ ಬೆಳೆದು ಹೂಳು ತುಂಬಿದೆ. ಪೈಪಿನ ಮಾತು ಆಮೇಲೆ, ಮೊದಲು ಅದನ್ನು ತೆಗೆಸಬೇಕು. ಕಾಲುವೆ ಬಂದ್ ಆದ ಮೇಲೆ ಜೆಸಿಬಿ ತರಿಸೋಣ ಅಂತ ದೊಡ್ಡಪ್ಪ ಒಪ್ಪಿದ್ದಾರೆ. ಪಕ್ಕದ ಹೊಲದ ಇಬ್ಬರು ಇನ್ನೂ ಒಪ್ಪಿಲ್ಲ. ಈ ವಾರ ಅವರ ಮನೆಗೆ ಮಣ್ಣಿನ ರಿಪೋರ್ಟ್ ಹಿಡಿದುಕೊಂಡು ಹೋಗುತ್ತಿದ್ದೇನೆ.