ಪೊಯಾಕ್‌ನ ಶಾತೋ ಪಿಶೋನ್ ಬಾರೋನ್: ಎರಡನೇ ವೈನನ್ನು ಅರಿಯಲು ಒಂದು ದಿನ

ಬೋರ್ಡೊ ನಗರದ ಉತ್ತರಕ್ಕೆ, ಜಿರೋಂದ್ ಅಳಿವೆಯ ಎಡದಂಡೆಯ ಉದ್ದಕ್ಕೂ ಚಾಚಿಕೊಂಡಿರುವ ಮೆಡಾಕ್ ಪ್ರದೇಶದಲ್ಲಿ ಹೆಸರಾಂತ ದ್ರಾಕ್ಷಿತೋಟಗಳು ಒತ್ತೊತ್ತಾಗಿವೆ. ಒಂದೇ ದಿನದಲ್ಲಿ ನಾಲ್ಕೈದನ್ನು ನೋಡಿ ಮುಗಿಸುವ ಆಸೆ ಯಾರಿಗಾದರೂ ಹುಟ್ಟುತ್ತದೆ. ಇಲ್ಲಿಗೆ ಹೊರಡುವ ಯೋಚನೆಯಲ್ಲಿರುವವರಿಗೆ ನನ್ನ ಸಲಹೆ ಬೇರೆ: ಒಂದೇ ತೋಟವನ್ನು ಆರಿಸಿಕೊಂಡು, ಅದರ ಮುಖ್ಯ ವೈನನ್ನೂ, ಅದಕ್ಕೆ ಆಯ್ಕೆಯಾಗದ ದ್ರಾಕ್ಷಿಯಿಂದ ಮಾಡುವ ಎರಡನೇ ವೈನನ್ನೂ ಒಟ್ಟಿಗೆ ಸವಿಯಿರಿ. ನಾನು ಆರಿಸಿಕೊಂಡದ್ದು ಪೊಯಾಕ್ ಎಂಬ ಊರಿನ ಶಾತೋ ಪಿಶೋನ್ ಬಾರೋನ್.

ಬೆಂಗಳೂರಿನಿಂದ ಪ್ಯಾರಿಸ್‌ಗೆ ನೇರ ವಿಮಾನವಿದೆ. ಪ್ಯಾರಿಸ್‌ನ ಮೋಂಪಾರ್ನಾಸ್ ನಿಲ್ದಾಣದಿಂದ ಬೋರ್ಡೊವಿನ ಸೇಂ-ಝಾನ್ ನಿಲ್ದಾಣಕ್ಕೆ ವೇಗದ ರೈಲಿನಲ್ಲಿ ಎರಡು ಗಂಟೆಗಿಂತ ತುಸು ಹೆಚ್ಚು ಹಿಡಿಯುತ್ತದೆ. ಅಲ್ಲಿಂದ ಪೊಯಾಕ್‌ಗೆ ಹೋಗುವ ಪ್ರಾದೇಶಿಕ ರೈಲುಗಳು ದಿನಕ್ಕೆ ಕೆಲವೇ ಇರುವುದರಿಂದ, ಮೊದಲು ರೈಲಿನ ವೇಳೆ ನೋಡಿಕೊಂಡು ನಂತರ ತೋಟದ ಭೇಟಿಯ ಸಮಯ ಕಾಯ್ದಿರಿಸಬೇಕು. ತಿರುಗುಮುರುಗು ಮಾಡಿದರೆ ಇಡೀ ದಿನದ ಯೋಜನೆ ಕೆಡುತ್ತದೆ. ತೋಟವು ಊರಿನ ದಕ್ಷಿಣಕ್ಕೆ ಮೂರು ಕಿಲೋಮೀಟರ್ ಆಸುಪಾಸಿನಲ್ಲಿ, ಡಿ2 ರಸ್ತೆಯ ಬದಿಯಲ್ಲಿದೆ. ಸಣ್ಣ ಊರಾದ್ದರಿಂದ ನಿಲ್ದಾಣದ ಹೊರಗೆ ಟ್ಯಾಕ್ಸಿ ಸಿಗುತ್ತದೆಂದು ನಂಬಿ ಹೋಗದೆ ಮೊದಲೇ ಹೇಳಿಟ್ಟಿರುವುದು ಒಳ್ಳೆಯದು. ಬಾಡಿಗೆ ಕಾರು ತೆಗೆದುಕೊಳ್ಳುವವರು, ಫ್ರಾನ್ಸಿನಲ್ಲಿ ಚಾಲಕರ ರಕ್ತದಲ್ಲಿ ಮದ್ಯದ ಮಿತಿ ಲೀಟರಿಗೆ 0.5 ಗ್ರಾಂ ಎಂಬುದನ್ನು ನೆನಪಿಡಬೇಕು.

ರಸ್ತೆಯಿಂದಲೇ ಕಾಣುವ ಅರಮನೆ, ಅದರ ಚೂಪು ಗೋಪುರಗಳು, ಮುಂದಿನ ಕೊಳದಲ್ಲಿ ಮೂಡುವ ಅದರ ಪ್ರತಿಬಿಂಬ ಇವೆಲ್ಲ ಚಿತ್ರಗಳಲ್ಲಿ ನೋಡಿದ್ದಕ್ಕಿಂತ ಚೆನ್ನಾಗಿವೆ. ಹಿಂದೆ ಒಂದೇ ಆಗಿದ್ದ ಪಿಶೋನ್ ಆಸ್ತಿಯು 1850ರ ಸುಮಾರಿಗೆ ಅದರ ಒಡೆಯನ ಮಕ್ಕಳ ನಡುವೆ ಪಾಲಾಯಿತು. ಮಗ ರಾವುಲ್ 1851ರಲ್ಲಿ ಈ ಅರಮನೆ ಕಟ್ಟಿಸಿದ. ಮಗಳು ವರ್ಜಿನಿಯ ಕಡೆಗೆ ಹೋದ ಪಾಲು ಇಂದು ರಸ್ತೆಯ ಆಚೆ ಬದಿಯಲ್ಲಿ ಪಿಶೋನ್ ಕೋಂತೆಸ್ ಎಂಬ ಬೇರೆಯೇ ತೋಟವಾಗಿದೆ. 1855ರಲ್ಲಿ ಮೂರನೇ ನೆಪೋಲಿಯನ್ನನ ಕಾಲದ ಪ್ಯಾರಿಸ್ ಪ್ರದರ್ಶನಕ್ಕಾಗಿ ಮೆಡಾಕ್‌ನ ಕೆಂಪು ವೈನುಗಳನ್ನು ಐದು ದರ್ಜೆಗಳಾಗಿ ವಿಂಗಡಿಸಿದಾಗ ಪಿಶೋನ್‌ಗೆ ಎರಡನೇ ದರ್ಜೆ ಸಿಕ್ಕಿತು. 1987ರಲ್ಲಿ ವಿಮಾ ಸಂಸ್ಥೆ ಆಕ್ಸಾದ ವೈನ್ ವಿಭಾಗವು ಬಾರೋನ್ ತೋಟವನ್ನು ಕೊಂಡು, ನೆಲಮಾಳಿಗೆಗಳನ್ನೂ ತೋಟವನ್ನೂ ಸರಿಪಡಿಸಿತು.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು, ಏಕೆಂದರೆ ನಮ್ಮ ಗುಂಪಿನಲ್ಲೇ ಹಲವರು ಇದರಲ್ಲಿ ಸಿಕ್ಕಿಕೊಂಡಿದ್ದರು. ಎರಡನೇ ದರ್ಜೆಗೂ ಎರಡನೇ ವೈನಿಗೂ ಸಂಬಂಧವಿಲ್ಲ. ದರ್ಜೆಯು ತೋಟದ ಸ್ಥಾನಮಾನ. ಎರಡನೇ ವೈನ್ ಎಂದರೆ ಅದೇ ತೋಟದ, ಮುಖ್ಯ ವೈನಿಗೆ ಆಯ್ಕೆಯಾಗದ ದ್ರಾಕ್ಷಿಯಿಂದ ಮಾಡುವ ಇನ್ನೊಂದು ವೈನ್. ಸಾಮಾನ್ಯವಾಗಿ ಎಳೆಯ ಬಳ್ಳಿಗಳ ಹಣ್ಣು ಅದಕ್ಕೆ ಹೋಗುತ್ತದೆ. ಪಿಶೋನ್ ಬಾರೋನ್‌ನಲ್ಲಿ ವಿಷಯ ಇಷ್ಟಕ್ಕೇ ನಿಲ್ಲುವುದಿಲ್ಲ. ಇಲ್ಲಿ ನೆಲವೇ ನಿರ್ಣಯಿಸುತ್ತದೆ. ಸುಮಾರು 73 ಹೆಕ್ಟೇರ್ ತೋಟದಲ್ಲಿ, ಲಾತೂರ್ ತೋಟಕ್ಕೆ ಹತ್ತಿರದ ಎತ್ತರದ ಜಲ್ಲಿನೆಲದ ಹಳೆಯ ಬಳ್ಳಿಗಳು ಮುಖ್ಯ ವೈನಿಗೆ ಮೀಸಲು. ಸಾಲುಗಳ ನಡುವೆ ಬಗ್ಗಿ ನೋಡಿದರೆ ಮಣ್ಣಿಗಿಂತ ನುಣುಪಾದ ಉರುಟು ಕಲ್ಲುಗಳೇ ಹೆಚ್ಚು ಕಾಣುತ್ತವೆ. ಅವು ಮಳೆನೀರನ್ನು ಬಸಿದು ಬಿಡುತ್ತವೆ, ಹಗಲಿನ ಬಿಸಿಲನ್ನು ಹಿಡಿದಿಡುತ್ತವೆ, ತಡವಾಗಿ ಮಾಗುವ ಕ್ಯಾಬರ್ನೆ ಸೋವಿನ್ಯೋನ್ ಎಂಬ ದ್ರಾಕ್ಷಿ ತಳಿಗೆ ಬೇಕಾದದ್ದು ಅದೇ. ಸೇಂತ್-ಆನ್ ಎಂಬ ಬೇರೊಂದು ತಾಕಿನ, ಮೆರ್ಲೋ ಎಂಬ ತಳಿ ಪ್ರಧಾನವಾದ ಹಣ್ಣು ಲೇ ತೂರೆಲ್ ದ ಲೋಂಗ್‌ವಿಲ್ ಎಂಬ ಎರಡನೇ ವೈನಾಗುತ್ತದೆ. 2012ರ ಬೆಳೆಯಿಂದ ಲೇ ಗ್ರಿಫೋಂ ಎಂಬ ಇನ್ನೊಂದು ಎರಡನೇ ವೈನೂ ಸೇರಿದೆ; ಅದು ಅಳಿವೆಗೆ ಹತ್ತಿರದ ತಾಕುಗಳದ್ದು, ಅದರಲ್ಲಿ ಕ್ಯಾಬರ್ನೆಯದೇ ಮೇಲುಗೈ. ಒಂದೇ ತೋಟ ಎರಡು ಬಗೆಯ ಎರಡನೇ ವೈನ್ ಮಾಡುವುದು ಅಪರೂಪ, ನಾನು ಇದನ್ನು ಆರಿಸಿದ್ದಕ್ಕೆ ಮುಖ್ಯ ಕಾರಣವೂ ಅದೇ.

ಆದ್ದರಿಂದ ಭೇಟಿ ಕಾಯ್ದಿರಿಸುವಾಗಲೇ ಯಾವ ಯಾವ ವೈನ್ ಕೊಡುತ್ತಾರೆ ಎಂದು ಕೇಳಿ, ಮುಖ್ಯ ವೈನೂ ಕನಿಷ್ಠ ಒಂದು ಎರಡನೇ ವೈನೂ ಇರುವುದನ್ನೇ ಆರಿಸಿಕೊಳ್ಳಿ. ತೂರೆಲ್ ಮೊದಲ ಗುಟುಕಿಗೇ ಒಲಿಯುತ್ತದೆ: ಮಾಗಿದ ಕಪ್ಪು ಹಣ್ಣಿನ ವಾಸನೆ, ಮೆತ್ತನೆಯ ಒಗರು. ಮುಖ್ಯ ವೈನ್ ಎಳೆಯದಾಗಿದ್ದರೆ ಹಾಗಲ್ಲ; ಒಗರು ಹಲ್ಲು ಒಸಡುಗಳನ್ನು ಬಿಗಿಹಿಡಿಯುತ್ತದೆ, ದೇವದಾರು ಮರದ ಪರಿಮಳ ನಿಧಾನಕ್ಕೆ ಬಿಚ್ಚಿಕೊಳ್ಳುತ್ತದೆ, ರುಚಿ ನಾಲಿಗೆಯ ಮೇಲೆ ಬಹಳ ಹೊತ್ತು ಉಳಿಯುತ್ತದೆ. ಒಳ್ಳೆಯ ವರ್ಷದ್ದಾದರೆ ಅದು ದಶಕಗಳ ಕಾಲ ಬಾಟಲಿಯಲ್ಲಿ ಕಾಯಬಲ್ಲದು. ಅಷ್ಟು ಕಾಲ ತಂಪಾಗಿ ಇಡುವ ಅನುಕೂಲ ನಮ್ಮ ಮನೆಗಳಲ್ಲಿ ಇಲ್ಲದಿರುವಾಗ, ಬೇಗ ಕುಡಿಯಲು ಹದವಾಗುವ, ಬೆಲೆಯಲ್ಲಿ ಮುಖ್ಯ ವೈನಿನ ಅರ್ಧಕ್ಕಿಂತ ಬಹಳ ಕಡಿಮೆಯಿರುವ ತೂರೆಲ್ ಅನ್ನೇ ಕೊಳ್ಳುವುದು ಜಾಣತನ ಎಂಬುದು ನನ್ನ ದೃಢ ಅಭಿಪ್ರಾಯ. ನಂದಿಬೆಟ್ಟದ ತಪ್ಪಲಿನ ಗ್ರೋವರ್ ತೋಟಕ್ಕೆ ಸಲಹೆಗಾರರಾಗಿದ್ದ ಮಿಶೆಲ್ ರೋಲಾಂ ಬೋರ್ಡೊ ಪ್ರಾಂತದವರೇ. ಆ ತೋಟದ ಲಾ ರಿಸರ್ವ್ ಅನ್ನು ಸವಿದು ಹೊರಟರೆ ಹೋಲಿಸಿ ನೋಡಲು ಒಂದು ಆಧಾರ ಸಿಗುತ್ತದೆ.

ಮೇ, ಜೂನ್ ಅಥವಾ ಅಕ್ಟೋಬರ್ ಕೊನೆ ಅನುಕೂಲ. ಏಪ್ರಿಲ್‌ನಲ್ಲಿ ಹೊಸ ವೈನ್ ಸವಿಯಲು ವರ್ತಕರು ನೆರೆಯುತ್ತಾರೆ, ಸೆಪ್ಟೆಂಬರ್ ಕೊಯ್ಲಿನ ಸಮಯ. ಸವಿಯುವಾಗ ಉಗುಳುವ ಪಾತ್ರೆ ಇಟ್ಟಿರುತ್ತಾರೆ. ಸಂಕೋಚಪಡದೆ ಬಳಸಿ, ಅಲ್ಲಿ ಅದು ಅಗೌರವವಲ್ಲ. ಮೊಟ್ಟೆ ತಿನ್ನದವರು ಒಂದು ವಿಷಯ ತಿಳಿದಿರಬೇಕು: ಬೋರ್ಡೊವಿನಲ್ಲಿ ಕೆಂಪು ವೈನನ್ನು ತಿಳಿಗೊಳಿಸಲು ಮೊಟ್ಟೆಯ ಬಿಳಿಭಾಗ ಬಳಸುವ ಪದ್ಧತಿ ಹಳೆಯದು, ಆದ್ದರಿಂದ ಕೇಳಿ ಖಚಿತಪಡಿಸಿಕೊಳ್ಳಿ. ಪೊಯಾಕ್ ಕುರಿಮರಿ ಮಾಂಸಕ್ಕೆ ಹೆಸರಾದ ಊರು. ಸಸ್ಯಾಹಾರಿಗಳು ಬೋರ್ಡೊದಿಂದಲೇ ಬ್ರೆಡ್, ಚೀಸ್, ಹಣ್ಣು ಕಟ್ಟಿಕೊಂಡು ಹೋದರೆ ನೆಮ್ಮದಿ. ಮರಳುವಾಗ ಒಬ್ಬ ವಯಸ್ಕರಿಗೆ ಸುಂಕವಿಲ್ಲದೆ ಎರಡು ಲೀಟರ್‌ವರೆಗೆ ಮದ್ಯ ತರಲು ಅವಕಾಶವಿದೆ, ಅಂದರೆ 750 ಮಿಲಿಲೀಟರಿನ ಎರಡು ಬಾಟಲಿ. ಅವನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ, ಚೆಕ್-ಇನ್ ಸೂಟ್‌ಕೇಸಿನ ನಡುಭಾಗದಲ್ಲಿಡಿ.