ಕ್ರೈಸ್ತರು ಹಚ್ಚೆ ಹಾಕಿಸಿಕೊಳ್ಳಬಹುದೇ: ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಹಾಕಿಸಿಕೊಳ್ಳಬಹುದು. ಅದು ಪಾಪವಲ್ಲ, ಪಾಪನಿವೇದನೆಯಲ್ಲಿ ಹೇಳಿಕೊಳ್ಳಬೇಕಾದ ವಿಷಯವೂ ಅಲ್ಲ. ಇಷ್ಟನ್ನೇ ತಿಳಿಯಬೇಕೆಂದು ಬಂದವರು ಇಲ್ಲಿಗೆ ಓದು ನಿಲ್ಲಿಸಬಹುದು. ಆದರೆ ಇಷ್ಟಕ್ಕೆ ಸುಮ್ಮನಾಗುವವರನ್ನು ನಾನು ಕಂಡದ್ದು ಕಡಿಮೆ, ಆದ್ದರಿಂದಲೇ ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಬರೆಯಲು ಕುಳಿತಿದ್ದೇನೆ.

ನಮ್ಮ ಕಥೋಲಿಕ ಧರ್ಮಕೇಂದ್ರದಲ್ಲಿ ಮಕ್ಕಳಿಗೆ ಧರ್ಮೋಪದೇಶದ ತರಗತಿ ನಡೆಸಿಕೊಂಡು ಬಂದಿರುವುದರಿಂದ ಈ ಪ್ರಶ್ನೆ ನನ್ನನ್ನು ಎಲ್ಲೆಡೆ ಹುಡುಕಿಕೊಂಡು ಬರುತ್ತದೆ. ಬಲಿಪೂಜೆ ಮುಗಿಸಿ ಚಪ್ಪಲಿ ಹಾಕಿಕೊಳ್ಳುವಾಗ, ಮದುವೆಯ ಊಟದ ಪಂಕ್ತಿಯಲ್ಲಿ, ಒಮ್ಮೊಮ್ಮೆ ಸಾವಿನ ಮನೆಯಲ್ಲಿ ಕೂಡ ಕೇಳುತ್ತಾರೆ. ಪ್ರಶ್ನೆಯ ಬಗ್ಗೆ ನನಗೆ ಬೇಸರವಿಲ್ಲ, ಅದನ್ನು ಕೇಳುವ ರೀತಿಯ ಬಗ್ಗೆ ಇದೆ. ತಾನು ಹಚ್ಚೆ ಹಾಕಿಸಿಕೊಳ್ಳಬೇಕೆಂದು ಯೋಚಿಸುತ್ತಿರುವ ವ್ಯಕ್ತಿ ಬಂದು ಕೇಳುವುದು ಅಪರೂಪ. ಬಹುಪಾಲು ಜನ ಇನ್ನೊಬ್ಬರ ತೋಳನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳುತ್ತಾರೆ: "ಬೈಬಲ್‌ನಲ್ಲೇ ಬೇಡ ಅಂತ ಬರೆದಿದೆಯಲ್ಲ ಸರ್, ಅವನಿಗೆ ಸ್ವಲ್ಪ ಬುದ್ಧಿ ಹೇಳಿ." ಉತ್ತರವನ್ನು ಮನೆಯಲ್ಲೇ ಬರೆದುಕೊಂಡು ಬಂದಿರುವ ಇವರಿಗೆ ನನ್ನಿಂದ ಬೇಕಾಗಿರುವುದು ಸಹಿಯೊಂದೇ. ಆ ಸಹಿಯನ್ನು ನಾನು ಹಾಕಿಕೊಡುವುದಿಲ್ಲ.

ಒಂದು ಭಾನುವಾರ ನಡೆದದ್ದನ್ನು ಹೇಳುತ್ತೇನೆ. ಅಂದು ಬಲಿಪೂಜೆಯಲ್ಲಿ ಬೈಬಲ್‌ನ ಮೊದಲ ವಾಚನ ಓದಬೇಕಾಗಿದ್ದ ಹುಡುಗ ಅರ್ಧ ತೋಳಿನ ಅಂಗಿ ತೊಟ್ಟು ಚರ್ಚಿನ ಮೆಟ್ಟಿಲು ಹತ್ತುತ್ತಿದ್ದ. ಹಿರಿಯರೊಬ್ಬರು ಅವನ ಮಣಿಕಟ್ಟು ಹಿಡಿದು ನಿಲ್ಲಿಸಿ ಕೈಯನ್ನು ಎಲ್ಲರಿಗೂ ಕಾಣುವಂತೆ ತಿರುಗಿಸಿದರು. ಮುಂಗೈಯ ಒಳಭಾಗದಲ್ಲಿ ದುಂಡನೆಯ ಕನ್ನಡ ಅಕ್ಷರಗಳಲ್ಲಿ ಅವನ ತಂದೆಯ ಹೆಸರು, ಅದರ ಕೆಳಗೆ ಹುಟ್ಟಿದ ವರ್ಷ, ಒಂದು ಚಿಕ್ಕ ಗೆರೆ, ಆಮೇಲೆ 2021. ಹಚ್ಚೆ ಹೊಸದಾಗಿತ್ತು, ಅಕ್ಷರಗಳ ಅಂಚಿನಲ್ಲಿ ಚರ್ಮ ಇನ್ನೂ ಉಬ್ಬಿ, ಅಲ್ಲಲ್ಲಿ ಸಿಪ್ಪೆಯೇಳುತ್ತಿತ್ತು. ತಂದೆ ತೀರಿಕೊಂಡದ್ದು ಕೊರೊನಾದ ಎರಡನೆಯ ಅಲೆಯಲ್ಲಿ. ಆಸ್ಪತ್ರೆಯಿಂದ ದೇಹ ನೇರವಾಗಿ ಸಮಾಧಿಗೆ ಹೋಯಿತು, ಮನೆಯವರಿಗೆ ಮುಖ ನೋಡುವುದಕ್ಕೂ ಆಗಲಿಲ್ಲ. ಇದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಆದರೂ ಆ ಹಿರಿಯರು ಮೊಬೈಲಿನಲ್ಲಿ ಬೈಬಲ್‌ನ ಹಳೆಯ ಒಡಂಬಡಿಕೆಯ ಯಾಜಕಕಾಂಡ ಗ್ರಂಥದ 19ನೆಯ ಅಧ್ಯಾಯದ 28ನೆಯ ವಚನ ತೆಗೆದು, ಸತ್ತವರಿಗಾಗಿ ದೇಹವನ್ನು ಗಾಯ ಮಾಡಿಕೊಳ್ಳಬಾರದು, ಮೈಮೇಲೆ ಹಚ್ಚೆ ಹಾಕಿಸಿಕೊಳ್ಳಬಾರದು ಎಂಬ ಆ ಮಾತನ್ನು, 'ಸತ್ತವರಿಗಾಗಿ' ಎಂಬಲ್ಲಿ ಒತ್ತು ಕೊಟ್ಟು ಓದಿದರು. ತಾಯಿ ಪಕ್ಕದಲ್ಲೇ ನಿಂತಿದ್ದರು. "ನೀವೇ ಹೇಳಿ ಸರ್, ಈ ಕೈ ಇಟ್ಟುಕೊಂಡು ಇವನು ದೇವರ ವಾಕ್ಯ ಓದಬಹುದಾ?"

ಅದರ ಹಿಂದಿನ ವಚನವನ್ನೂ ಓದಿ ಎಂದೆ. ಗಡ್ಡದ ಅಂಚನ್ನು ಕತ್ತರಿಸಬಾರದು ಎಂದು 27ನೆಯ ವಚನ ಹೇಳುತ್ತದೆ. ಅವರು ಬೆಳಗ್ಗೆಯಷ್ಟೇ ನುಣ್ಣಗೆ ಕ್ಷೌರ ಮಾಡಿಕೊಂಡು ಬಂದಿದ್ದರು. ಸುತ್ತ ನಿಂತಿದ್ದವರಲ್ಲಿ ಒಂದಿಬ್ಬರು ನಕ್ಕರು, ಹಿರಿಯರು ಕೈ ಬಿಟ್ಟರು, ಹುಡುಗ ಒಳಗೆ ಹೋಗಿ ವಾಚನ ಓದಿದ.

ಗಡ್ಡದ ಮಾತಿನಿಂದ ಎದುರಿನವರ ಬಾಯಿ ಕಟ್ಟಬಹುದೇ ಹೊರತು ಆ ತಾಯಿಗೆ ಉತ್ತರ ಸಿಗುವುದಿಲ್ಲ ಎಂಬುದು ನನಗೆ ಗೊತ್ತಿದೆ. ಆದ್ದರಿಂದ ವಚನವನ್ನು ಸರಿಯಾಗಿಯೇ ನೋಡೋಣ. ಆ ಅಧ್ಯಾಯದ 26ರಿಂದ 31ರವರೆಗಿನ ವಚನಗಳಲ್ಲಿ ರಕ್ತದೊಡನೆ ಮಾಂಸ ತಿನ್ನಬಾರದು, ಕಣಿ ಕೇಳಬಾರದು, ಸತ್ತವರ ಆತ್ಮಗಳನ್ನು ಕರೆಯುವವರ ಬಳಿಗೆ ಹೋಗಬಾರದು ಎಂಬ ಆಜ್ಞೆಗಳಿವೆ. ಸುತ್ತಲಿನ ಜನಾಂಗಗಳು ಸತ್ತವರಿಗಾಗಿ, ದೇವತೆಗಳಿಗಾಗಿ ಮೈ ಕೊಯ್ದುಕೊಳ್ಳುತ್ತಿದ್ದ ಲೋಕ ಅದು; ಕರ್ಮೆಲ್ ಬೆಟ್ಟದ ಮೇಲೆ ಬಾಳ ಎಂಬ ದೇವತೆಯ ಪ್ರವಾದಿಗಳು ರಕ್ತ ಸುರಿಯುವವರೆಗೆ ಕತ್ತಿ ಈಟಿಗಳಿಂದ ತಮ್ಮನ್ನು ತಾವೇ ಇರಿದುಕೊಂಡ ಕಥೆ ಅರಸುಗಳ ಮೊದಲನೆಯ ಗ್ರಂಥದಲ್ಲಿದೆ. ಆ ಆರಾಧನೆಯಿಂದ ಇಸ್ರಯೇಲರನ್ನು ದೂರವಿಡುವುದು ಈ ಆಜ್ಞೆಯ ಕೆಲಸವಾಗಿತ್ತು. ಧರ್ಮಶಾಸ್ತ್ರವನ್ನು ಪಾಲಿಸುವ ಯೆಹೂದ್ಯರು ಇಂದಿಗೂ ಹಚ್ಚೆ ಹಾಕಿಸಿಕೊಳ್ಳುವುದಿಲ್ಲ, ಅದು ಅವರ ನಿಷ್ಠೆ, ಅದಕ್ಕೆ ನನ್ನ ಗೌರವವಿದೆ. ಆದರೆ ಅವರಲ್ಲೂ ಇದು ಒಂದೇ ಮಾತಿನಲ್ಲಿ ತೀರಿಹೋದ ವಿಷಯವಾಗಿರಲಿಲ್ಲ. ಕ್ರಿ.ಶ. 200ರ ಸುಮಾರಿಗೆ ಸಂಗ್ರಹವಾದ ಮಿಶ್ನಾ ಎಂಬ ಯೆಹೂದ್ಯರ ಶಾಸ್ತ್ರಚರ್ಚೆಗಳ ಗ್ರಂಥದ ಮಕ್ಕೋತ್ ಭಾಗದಲ್ಲಿ, ದೇವರ ಹೆಸರನ್ನು ಮೈಮೇಲೆ ಬರೆದರೆ ಮಾತ್ರ ಶಿಕ್ಷೆಗೆ ಗುರಿ ಎಂದು ರಬ್ಬಿ, ಅಂದರೆ ಧರ್ಮಗುರು, ಶಿಮೋನರು ವಾದಿಸುತ್ತಾರೆ. ಶಾಸ್ತ್ರ ಯಾರಿಗೆ ಅನ್ವಯಿಸುತ್ತದೆಯೋ ಆ ಜನರೇ ಏನು ಬರೆದಿದೆ, ಏಕೆ ಬರೆದಿದೆ ಎಂದು ಕೂತು ಚರ್ಚಿಸುತ್ತಿದ್ದಾಗ, ನಾವು ಚರ್ಚಿನ ಮೆಟ್ಟಿಲ ಮೇಲೆ ಅರೆನಿಮಿಷದಲ್ಲಿ ತೀರ್ಪು ಕೊಡುತ್ತೇವೆ.

ಆ ಹುಡುಗ ಸತ್ತವರ ಆತ್ಮವನ್ನು ಒಲಿಸಿಕೊಳ್ಳಲು ಹೊರಟವನಲ್ಲ. ನವೆಂಬರ್ 2ರಂದು ನಾವೆಲ್ಲ ಸಮಾಧಿಗಳ ಮೇಲೆ ಹೂವಿಟ್ಟು ಮೇಣದಬತ್ತಿ ಹಚ್ಚುತ್ತೇವೆ, ಕಲ್ಲಿನ ಶಿಲುಬೆಯ ಮೇಲೆ ಹೆಸರು ಮತ್ತು ವರ್ಷಗಳನ್ನು ಕೊರೆಸುತ್ತೇವೆ. ಕಲ್ಲಿನ ಮೇಲೆ ಭಕ್ತಿಯಾಗುವ ಅದೇ ಹೆಸರು, ಅದೇ ವರ್ಷಗಳು ಮಗನ ಚರ್ಮದ ಮೇಲೆ ಪಾಪವಾಗುವುದು ಹೇಗೆ ಎಂದು ನನಗೆ ಯಾರೂ ವಿವರಿಸಿಲ್ಲ.

ಇನ್ನು ಹಳೆಯ ಒಡಂಬಡಿಕೆಯ ಶಾಸ್ತ್ರ ನಮ್ಮನ್ನು ಕಟ್ಟುತ್ತದೆಯೇ ಎಂಬುದು. ಇದನ್ನು ಧರ್ಮಸಭೆ ಕ್ರಿ.ಶ. 49ರ ಸುಮಾರಿಗೇ ಜೆರುಸಲೇಮಿನಲ್ಲಿ ಕುಳಿತು ತೀರ್ಮಾನಿಸಿತು. ಹೊಸ ಒಡಂಬಡಿಕೆಯ ಪ್ರೇಷಿತರ ಕಾರ್ಯಕಲಾಪಗಳ ಗ್ರಂಥದ 15ನೆಯ ಅಧ್ಯಾಯವನ್ನು ಓದಿದವರು ಒಂದು ಅಂಶವನ್ನು ಗಮನಿಸದೆ ದಾಟಿಹೋಗುತ್ತಾರೆ: ಅಂದಿನ ಜಗಳವೇ ಮೈಮೇಲಿನ ಗುರುತಿನದು. ಯೆಹೂದ್ಯರಲ್ಲದವರು ಕ್ರಿಸ್ತನನ್ನು ನಂಬಬೇಕಾದರೆ ಸುನ್ನತಿ ಮಾಡಿಸಿಕೊಳ್ಳಬೇಕೇ ಎಂಬ ಪ್ರಶ್ನೆ ಅಲ್ಲಿಗೆ ಬಂದಿತ್ತು. ನಮ್ಮ ಪೂರ್ವಜರೂ ನಾವೂ ಹೊರಲಾರದೆ ಹೋದ ನೊಗವನ್ನು ಈ ಶಿಷ್ಯರ ಹೆಗಲಿಗೆ ಏಕೆ ಹೇರುತ್ತೀರಿ ಎಂದು ಪೇತ್ರ ಕೇಳಿದ. ವಿಗ್ರಹಗಳಿಗೆ ಅರ್ಪಿಸಿದ ಆಹಾರ, ರಕ್ತ, ಕತ್ತು ಹಿಸುಕಿ ಕೊಂದ ಪ್ರಾಣಿಯ ಮಾಂಸ, ಅನೈತಿಕ ಸಂಬಂಧ, ಈ ನಾಲ್ಕರಿಂದ ದೂರವಿರಿ ಎಂದಷ್ಟೇ ಪತ್ರ ಹೋಯಿತು. ಅದರಲ್ಲಿ ಹಚ್ಚೆ ಇಲ್ಲ. ಕಥೋಲಿಕ ಧರ್ಮಸಭೆ 1992ರಲ್ಲಿ ಪ್ರಕಟಿಸಿದ ಧರ್ಮೋಪದೇಶ ಗ್ರಂಥದಲ್ಲೂ ಹಚ್ಚೆಯನ್ನು ನಿಷೇಧಿಸುವ ಒಂದು ಸಾಲಿಲ್ಲ. 2018ರ ಮಾರ್ಚಿನಲ್ಲಿ ರೋಮಿನಲ್ಲಿ ಯುವಜನರ ಸಭೆಯೊಂದರಲ್ಲಿ ಈ ಪ್ರಶ್ನೆ ಬಂದಾಗ ಪೋಪ್ ಫ್ರಾನ್ಸಿಸ್, ಹಚ್ಚೆಗೆ ಹೆದರಬೇಡಿ, ಅತಿಯಾದರೆ ಮಾತ್ರ ತೊಂದರೆ, ಹಚ್ಚೆಯನ್ನು ನೆಪ ಮಾಡಿಕೊಂಡು ಆ ಯುವಕನೊಡನೆ ಮಾತು ಆರಂಭಿಸಿ ಎಂಬರ್ಥದ ಉತ್ತರ ಕೊಟ್ಟರು.

ಇದೆಲ್ಲ ಈಗಿನ ಫ್ಯಾಶನ್ ಎನ್ನುವವರು ಸ್ವಲ್ಪ ಚರಿತ್ರೆ ಓದಬೇಕು. ತಮ್ಮ ಮಣಿಕಟ್ಟು ಮತ್ತು ತೋಳುಗಳ ಮೇಲೆ ಶಿಲುಬೆಯನ್ನೋ ಕ್ರಿಸ್ತನ ಹೆಸರನ್ನೋ ಹಚ್ಚೆ ಹಾಕಿಸಿಕೊಂಡಿದ್ದ ಕ್ರೈಸ್ತರ ಬಗ್ಗೆ ಗಾಜಾದ ಪ್ರೊಕೋಪಿಯಸ್ ಎಂಬ ಕ್ರೈಸ್ತ ವಿದ್ವಾಂಸ 6ನೆಯ ಶತಮಾನದಲ್ಲೇ ಬರೆದಿದ್ದಾನೆ. ಈಜಿಪ್ಟಿನ ಪ್ರಾಚೀನ ಸಭೆಗೆ ಸೇರಿದ ಕಾಪ್ಟಿಕ್ ಕ್ರೈಸ್ತರು ಇಂದಿಗೂ ಬಲ ಮಣಿಕಟ್ಟಿನ ಒಳಬದಿಯಲ್ಲಿ ಪುಟ್ಟ ಶಿಲುಬೆಯನ್ನು ಹಾಕಿಸಿಕೊಳ್ಳುತ್ತಾರೆ, ಎಳೆಯ ಮಕ್ಕಳಿಗೂ ಹಾಕಿಸುತ್ತಾರೆ. ಕ್ರೈಸ್ತರು ಅಲ್ಪಸಂಖ್ಯಾತರಾಗಿರುವ ನಾಡಿನಲ್ಲಿ, ಅವರ ಚರ್ಚುಗಳ ಮೇಲೆ ಬಾಂಬ್ ದಾಳಿಗಳಾಗಿರುವ ನಾಡಿನಲ್ಲಿ, ಬೇಕೆಂದಾಗ ಮರೆಮಾಡಿ ತಪ್ಪಿಸಿಕೊಳ್ಳಲಾಗದ ಗುರುತು ಅದು. ಜೆರುಸಲೇಮಿನ ಹಳೆಯ ನಗರದ ಜಾಫಾ ಬಾಗಿಲಿನ ಹತ್ತಿರ, ಮೂಲತಃ ಕಾಪ್ಟಿಕರಾದ ರಜೂಕ್ ಎಂಬ ಮನೆತನದವರು ತಲೆಮಾರುಗಳಿಂದ ಯಾತ್ರಿಕರಿಗೆ ಹಚ್ಚೆ ಹಾಕುತ್ತಿದ್ದಾರೆ. ಮರದ ಅಚ್ಚನ್ನು ಶಾಯಿಗೆ ಅದ್ದಿ ಚರ್ಮದ ಮೇಲೆ ಒತ್ತಿ, ಮೂಡಿದ ಗೆರೆಯ ಮೇಲೆ ಸೂಜಿ ನಡೆಸುವುದು ಅವರ ಹಳೆಯ ಕ್ರಮ. ಪವಿತ್ರ ನಾಡಿಗೆ ಹೋಗಿಬಂದದ್ದಕ್ಕೆ ಆ ಹಚ್ಚೆಯೇ ಸಾಕ್ಷಿ. 1862ರಲ್ಲಿ ಜೆರುಸಲೇಮಿಗೆ ಹೋದ ಇಂಗ್ಲೆಂಡಿನ ಯುವರಾಜ ಎಡ್ವರ್ಡ್ ಕೂಡ ತೋಳಿನ ಮೇಲೆ ಜೆರುಸಲೇಮ್ ಶಿಲುಬೆ ಹಾಕಿಸಿಕೊಂಡು ಬಂದ. 1901ರಲ್ಲಿ ರಾಜನಾದಾಗ ಅದೇ ತೋಳಿನೊಡನೆ ಇಂಗ್ಲೆಂಡಿನ ಚರ್ಚಿಗೂ ಮುಖ್ಯಸ್ಥನಾದ. ಬೋಸ್ನಿಯಾದ ಕಥೋಲಿಕ ಹೆಂಗಸರ ಮುಂಗೈಗಳ ಮೇಲಿನ ಶಿಲುಬೆಗಳನ್ನೂ ಇಥಿಯೋಪಿಯಾದ ಕ್ರೈಸ್ತ ಹೆಂಗಸರ ಹಣೆಯ ಮೇಲಿನ ಶಿಲುಬೆಗಳನ್ನೂ ಇದೇ ಸಾಲಿಗೆ ಸೇರಿಸಿ ನೋಡಿ.

ದೇಹ ಪವಿತ್ರಾತ್ಮರ ದೇವಾಲಯವಲ್ಲವೇ ಎಂದು ಕೇಳುವವರಿಗೆ ಒಂದು ಮಾತು. ಕೊರಿಂಥದವರಿಗೆ ಬರೆದ ಮೊದಲ ಪತ್ರದ ಆ ವಚನದಲ್ಲಿ ಪೌಲ ಮಾತನಾಡುತ್ತಿರುವುದು ವ್ಯಭಿಚಾರದ ಬಗ್ಗೆ. ಆದರೂ ದೇಹವನ್ನು ಜೋಪಾನವಾಗಿಡಬೇಕೆಂಬ ಅರ್ಥದಲ್ಲಿ ಅದನ್ನು ನಾನು ಮನಸಾರೆ ಒಪ್ಪುತ್ತೇನೆ, ಹಾಗಾಗಿಯೇ ಜಾತ್ರೆಯಲ್ಲಿ ಒಂದೇ ಸೂಜಿಯಿಂದ ಹತ್ತು ಜನರಿಗೆ ಹಚ್ಚೆ ಹಾಕುವ ಕಡೆ ಕೈಚಾಚಬೇಡಿ ಎಂದು ಮಕ್ಕಳಿಗೆ ಹೇಳುತ್ತೇನೆ. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಇವೆಲ್ಲ ಸೂಜಿಯ ಮೂಲಕ ಹರಡಬಲ್ಲವು. ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆಯಬೇಕು, ಶಾಯಿಯನ್ನು ನಿಮಗಾಗಿಯೇ ಹೊಸ ಬಟ್ಟಲಿಗೆ ಸುರಿಯಬೇಕು. ಹಚ್ಚೆ ಹಾಕಿಸಿಕೊಂಡ ಮೇಲೆ 12 ತಿಂಗಳು ರಕ್ತದಾನ ಮಾಡುವಂತಿಲ್ಲ ಎಂಬುದೂ ನೆನಪಿರಲಿ.

ನನಗೆ ಒಪ್ಪಿಗೆಯಿಲ್ಲದ ಹಚ್ಚೆಗಳೂ ಇವೆ. ಕಾಲಿನ ಮೀನಖಂಡದ ಮೇಲೆ ಯೇಸುವಿನ ಮುಖ ಬರೆಸಿಕೊಳ್ಳುವುದನ್ನು ನಾನು ಒಪ್ಪಲಾರೆ. ಪುಸ್ತಕಕ್ಕೆ ಕಾಲು ತಗುಲಿದರೆ ಕಣ್ಣಿಗೊತ್ತಿಕೊಳ್ಳುವ ನಾಡಿನವರು ನಾವು. ಜಾತಿಯ ಹೆಮ್ಮೆ ಸಾರುವ ಹಚ್ಚೆಯಂತೂ ಯಾವ ಕ್ರೈಸ್ತನ ಮೈಮೇಲೂ ಇರಕೂಡದು. ಹಚ್ಚೆಯೇ ಬೇಡವೆಂದು ಮನಃಸಾಕ್ಷಿಯಿಂದ ದೂರವಿರುವವರು ದೂರವೇ ಇರಲಿ, ರೋಮಾಪುರದವರಿಗೆ ಬರೆದ ಪತ್ರದ 14ನೆಯ ಅಧ್ಯಾಯ ಅವರ ಪಕ್ಷದಲ್ಲಿದೆ. ಆಹಾರದ ವಿಷಯದಲ್ಲಿ ತಿನ್ನದವನು ತಿನ್ನುವವನ ಮೇಲೆ ತೀರ್ಪು ಕೊಡಬಾರದು ಎಂಬುದೂ ಅದೇ ಅಧ್ಯಾಯದಲ್ಲಿದೆ.

ನನ್ನನ್ನು ಯಾರಾದರೂ ಕೇಳಬೇಕಾಗಿದ್ದ ಪ್ರಶ್ನೆ ಬೇರೆಯೇ ಇದೆ. ನಮ್ಮ ಹಳ್ಳಿಗಳಲ್ಲಿ ಕೊರವರ ಹೆಂಗಸರು ಬೀದಿಯಲ್ಲಿ ಕೂಗುತ್ತ ಬಂದು, ಜಗಲಿಯ ಮೇಲೆ ಕೂತು, ಕಾಡಿಗೆಯನ್ನು ಸೊಪ್ಪಿನ ರಸದಲ್ಲಿ ಕಲಸಿ ಹಚ್ಚೆ ಹಾಕುತ್ತಿದ್ದ ಕಾಲದ ಅಜ್ಜಿಯರು ಇನ್ನೂ ಇದ್ದಾರೆ. ಒಡವೆಯೆಲ್ಲ ಬಿಚ್ಚಿ ಇಟ್ಟು ಹೋಗಬೇಕು, ಸತ್ತಾಗ ಜೊತೆಗೆ ಬರುವುದು ಹಚ್ಚೆಯೊಂದೇ ಎಂಬ ನಂಬಿಕೆಯಿಂದ ಅವರ ತಾಯಂದಿರು ಎಳೆಯ ವಯಸ್ಸಿನಲ್ಲೇ ಅವರನ್ನು ಹಿಡಿದು ಕೂರಿಸಿ ಹಾಕಿಸಿದ್ದು ಅದು. ಅಂಥವರಲ್ಲಿ ಕೆಲವರು ಇಳಿವಯಸ್ಸಿನಲ್ಲಿ ಕ್ರಿಸ್ತನನ್ನು ನಂಬುತ್ತಾರೆ. ಅವರ ತೋಳಿನ ಮೇಲಿನ ತುಳಸಿಕಟ್ಟೆಯನ್ನು, ಚೇಳನ್ನು, ಗಂಡನ ಮನೆದೇವರ ಹೆಸರನ್ನು ಏನು ಮಾಡಬೇಕು?

ಈ ಪ್ರಶ್ನೆಯನ್ನು ಅವರು ಗಟ್ಟಿಯಾಗಿ ಕೇಳುವುದಿಲ್ಲ, ಸೆರಗನ್ನು ಮುಂಗೈವರೆಗೆ ಎಳೆದುಕೊಂಡು ಹಿಂದಿನ ಸಾಲಿನಲ್ಲಿ ಕೂರುತ್ತಾರೆ. ನನಗೆ ಗೊತ್ತಿರುವ ಒಬ್ಬ ತಾಯಿಗೆ ಪ್ರಾರ್ಥನಾ ಕೂಟವೊಂದರಲ್ಲಿ, ಆ ಗುರುತು ಇರುವವರೆಗೆ ಜ್ಞಾನಸ್ನಾನ ಫಲಿಸದು ಎಂದು ಹೇಳಿದ್ದರಂತೆ. ಆಕೆ ಗೇರೆಣ್ಣೆ ಹಚ್ಚಿ ಅದನ್ನು ಸುಡಲು ನೋಡಿದರು. ನಾನು ಕಂಡಾಗ ಮುಂಗೈಯ ಮೇಲೆ ಅಂಗೈಯಗಲ ಚರ್ಮ ಸುಟ್ಟು ಕಪ್ಪಾಗಿ ಸುಕ್ಕುಗಟ್ಟಿತ್ತು. ಅದರ ನಡುವೆ ತುಳಸಿಕಟ್ಟೆಯ ಮೂರು ಗೆರೆಗಳು ಹಸಿರಾಗಿ ಹಾಗೆಯೇ ಉಳಿದಿದ್ದವು. ನನಗೆ ಬಂದ ಸಿಟ್ಟು ಇಂದಿಗೂ ಇಳಿದಿಲ್ಲ. ಚರ್ಮದ ಮೇಲೆ ಗುರುತು ಇರಲೇಬೇಕೆಂದು ಹಟ ಹಿಡಿದವರ ವಾದವನ್ನೇ ಧರ್ಮಸಭೆ ಜೆರುಸಲೇಮಿನಲ್ಲಿ ತಳ್ಳಿಹಾಕಿದೆ. ಇರಬೇಕಾದ ಗುರುತನ್ನೇ ಕೇಳದ ಧರ್ಮಸಭೆ, ಇರುವ ಗುರುತನ್ನು ಅಳಿಸಿಕೊಂಡು ಬಾ ಎಂದು ಒಬ್ಬ ಮುದುಕಿಗೆ ಹೇಳುವುದು ಯಾವ ಆಧಾರದ ಮೇಲೆ? ಜ್ಞಾನಸ್ನಾನ ಪಡೆದವರ ಆತ್ಮದ ಮೇಲೆ ಅಳಿಸಲಾಗದ ಮುದ್ರೆ ಬೀಳುತ್ತದೆ, ಯಾವ ಪಾಪವೂ ಅದನ್ನು ಅಳಿಸಲಾರದು ಎಂಬುದು ನಮ್ಮ ಬೋಧನೆ. ಪಾಪಕ್ಕೇ ಅಳಿಸಲಾಗದ ಆ ಮುದ್ರೆಗೆ ತುಳಸಿಕಟ್ಟೆ ಅಡ್ಡ ಬರುತ್ತದೆ ಎಂದು ಹೇಳುವವರು ತಾವು ಏನು ಬೋಧಿಸುತ್ತಿದ್ದೇವೆ ಎಂಬುದನ್ನು ತಿಳಿದೇ ಇಲ್ಲ.

ಆದ್ದರಿಂದ ಅಂಥ ಅಜ್ಜಿಯರು, ಅಮ್ಮಂದಿರು ನಿಮ್ಮ ಮನೆಯಲ್ಲಿದ್ದರೆ ಇದನ್ನು ಓದಿ ಹೇಳಿ. ಹಚ್ಚೆಯನ್ನು ಸುಡುವುದು ಬೇಡ, ಲೇಸರ್‌ಗೆ ಸಾಲ ಮಾಡುವುದು ಬೇಡ, ಪರಮಪ್ರಸಾದ ಸ್ವೀಕರಿಸಲು ಬರುವಾಗ ಸೆರಗು ಎಳೆದುಕೊಳ್ಳುವುದೂ ಬೇಡ. ಅಳಿಸಿಕೊಳ್ಳಲೇಬೇಕೆಂದು ಯಾರಾದರೂ ಬಲವಂತ ಮಾಡಿದರೆ, ಹಾಗೆ ಹೇಳಿದವರನ್ನೇ ನಿಮ್ಮ ಧರ್ಮಕೇಂದ್ರದ ಗುರುಗಳ ಬಳಿಗೆ ಕರೆದುಕೊಂಡು ಹೋಗಿ, ಅದು ಎಲ್ಲಿ ಬರೆದಿದೆ ಎಂದು ಅಲ್ಲಿಯೇ ತೋರಿಸಲು ಹೇಳಿ.