ಇವತ್ತು ಬಂದದ್ದು ಬೂತಾಯಿ

ಮೊನ್ನೆ ಭಾನುವಾರ, ಮಲ್ಪೆಯ ಒಂದು ಮೀನೂಟದ ಹೋಟೆಲು. ಹೊರಗೆ ಜುಲೈ ತಿಂಗಳ ಜಡಿಮಳೆ. ಪಕ್ಕದ ಟೇಬಲಿಗೆ ಬೆಂಗಳೂರಿನ ಕುಟುಂಬವೊಂದು ಬಂದು ಕೂತಿತು. ಯಜಮಾನರು ಮೆನು ಮುಟ್ಟಲೂ ಇಲ್ಲ. "ನಾಲ್ಕು ಅಂಜಲ್ ಫ್ರೈ. ಫ್ರೆಶ್ ತಾನೆ?" ಅಂದರು. ಬಡಿಸುವ ಹುಡುಗನಿಗೆ ಇಪ್ಪತ್ತು ವರ್ಷವೂ ಇರಲಿಕ್ಕಿಲ್ಲ. ಒಂದು ಗಳಿಗೆ ತಡೆದು ಹೇಳಿದ: "ಅಂಜಲ್ ಉಂಟು ಸರ್. ಆದ್ರೆ ಇವತ್ತು ಬಂದದ್ದು ಬೂತಾಯಿ." ಅಂಜಲ್ ಅಂದರೆ ತುಂಡು ಮಾಡಿ ಹುರಿಯುವ ದೊಡ್ಡ ಸುರ್ಮಾಯಿ ಮೀನು, ಬೂತಾಯಿ ಅಂದರೆ ಇಡಿಯಾಗಿ ಹುರಿಯುವ ಸಣ್ಣ ಸಾರ್ಡೀನ್.

"ಬೂತಾಯಿ ತಿನ್ನೋಕೆ ನಾನೂರು ಕಿಲೋಮೀಟರ್ ಬರಬೇಕಿತ್ತೇನಪ್ಪಾ? ಉಳಿದಿದ್ದನ್ನ ನಮ್ಮ ತಲೆಗೆ ಕಟ್ಟೋಕೆ ನೋಡ್ತೀಯ?"

ಗಲ್ಲಾದಲ್ಲಿದ್ದವರಿಗೂ ಕೇಳಿಸಿತು. "ಕೇಳಿದ್ದು ಕೊಡು ಮಾರಾಯ, ನಿಂಗೆಂತಕ್ಕೆ ಅದೆಲ್ಲ?" ಅಂತ ಅಲ್ಲಿಂದಲೇ ಗದರಿದರು. ಹುಡುಗ ತಲೆ ಬಗ್ಗಿಸಿ ಒಳಗೆ ಹೋದ.

ಅವನು ಹೇಳಿದ್ದು ಎರಡೇ ವಾಕ್ಯ. ಮಳೆಗಾಲದಲ್ಲಿ ಕರಾವಳಿಗೆ ಬಂದವರಿಗೆ ಇದಕ್ಕಿಂತ ಒಳ್ಳೆಯ ಮಾತನ್ನು ಯಾವ ಹೋಟೆಲೂ ಹೇಳಲಾರದು. "ಅಂಜಲ್ ಉಂಟು", ಅಂದರೆ ಐಸ್ ಪೆಟ್ಟಿಗೆಯಲ್ಲಿದೆ. "ಬಂದದ್ದು ಬೂತಾಯಿ", ಅಂದರೆ ಬೆಳಿಗ್ಗೆ ದೋಣಿಯಿಂದ ಇಳಿದದ್ದು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮೀನು ಮೊಟ್ಟೆಯಿಡುವ ಕಾಲ ಅದು. ಟ್ರಾಲ್ ಬೋಟು, ಪರ್ಸಿನ್ ಬೋಟುಗಳೆಲ್ಲ ಬಂದರಿನಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಕಡಲಿಗಿಳಿಯುವುದು 10 ಅಶ್ವಶಕ್ತಿಯ ಒಳಗಿನ ಎಂಜಿನ್ ಇರುವ ನಾಡದೋಣಿ ಮಾತ್ರ, ಅದೂ ಕಡಲು ಬಿಟ್ಟುಕೊಟ್ಟ ದಿನ. ಅವು ದಡದ ಹತ್ತಿರವೇ ಬಲೆ ಬಿಡುತ್ತವೆ. ಬಲೆಗೆ ಬೀಳುವುದು ಬೂತಾಯಿ, ಬಂಗುಡೆ, ಸಿಗಡಿ, ಒಂದಿಷ್ಟು ಸಣ್ಣಪುಟ್ಟ ಮೀನು. ದೊಡ್ಡ ಅಂಜಲ್ ಹಿಡಿಯುವ ಬೋಟುಗಳು ಕಟ್ಟಿಹಾಕಿರುವಾಗ ನಾಲ್ಕು ಪ್ಲೇಟ್ ಅಂಜಲ್ ಎಲ್ಲಿಂದ ಬರಬೇಕು? ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ಕ್ಕೆ ಶುರುವಾಗಿ ಜೂನ್ 14ಕ್ಕೆ ಮುಗಿಯುತ್ತದೆ. ಅಲ್ಲಿಂದ ಲಾರಿಯಲ್ಲಿ ಬರಬೇಕು, ಇಲ್ಲವೇ ಮೇ ತಿಂಗಳಿಂದ ಕೋಲ್ಡ್ ಸ್ಟೋರೇಜಿನಲ್ಲಿ ಕೂತಿರಬೇಕು.

ಐಸಿನ ಮೀನು ತಿನ್ನಲೇಬಾರದು ಎಂದಲ್ಲ. ಚೆನ್ನಾಗಿ ಐಸ್ ಹಾಕಿದ ಅಂಜಲ್ ವಾರ ದಾಟಿದರೂ ತಿನ್ನುವಂತಿರುತ್ತದೆ. ಅದು ಪೇಟೆಯವರ ಮೀನಾಗಿದ್ದೂ ಅದಕ್ಕೇ. ಮುಳ್ಳು ಕಡಿಮೆ, ಕತ್ತರಿಸಿದರೆ ತುಂಡುಗಳೆಲ್ಲ ಒಂದೇ ಅಳತೆ, ಲಾರಿಯಲ್ಲಿ ಎಷ್ಟು ದೂರ ಹೋದರೂ ತಾಳುತ್ತದೆ. ಹಾಗಾಗಿ ಮೆನುವಿನಲ್ಲಿ ವರ್ಷವಿಡೀ ಉಳಿಯುತ್ತದೆ. ಬೂತಾಯಿಗೆ ಆ ಯೋಗವಿಲ್ಲ. ಐಸಿನಲ್ಲಿಟ್ಟರೂ ಮೂರ್ನಾಲ್ಕು ದಿನದಲ್ಲಿ ಅದರ ಹೊಟ್ಟೆ ಒಡೆಯುತ್ತದೆ. ಹೊಟ್ಟೆ ಒಡೆಯದೆ, ಚರ್ಮ ಹರಿಯದೆ ಇಡಿಯಾಗಿ ಕಾದು ಬಂದ ಬೂತಾಯಿ ಹೊಸತು ಎಂದು ಕಣ್ಣಲ್ಲೇ ಗೊತ್ತಾಗುತ್ತದೆ. ಮಸಾಲೆ ಎಷ್ಟು ಬಳಿದರೂ ಅದು ಸುಳ್ಳು ಹೇಳಲಾರದು.

ಅಂಜಲ್ ಬಂತು. ದೂರದಿಂದಲೇ ಕಾಣುತ್ತಿತ್ತು: ಮಸಾಲೆ ಒಂದು ಕಡೆ ಜಾರಿ ಗುಡ್ಡೆಯಾಗಿದೆ, ಅಂಚು ಕಪ್ಪಾಗಿದೆ, ನಡುಮುಳ್ಳಿನ ಸುತ್ತ ಇನ್ನೂ ಹಸಿ. ಅಡುಗೆಯವನ ಕೈ ಕೆಟ್ಟದ್ದಲ್ಲ. ಮೀನು ನಿಧಾನವಾಗಿ ಹೆಪ್ಪುಗಟ್ಟಿದರೆ ಮಾಂಸದೊಳಗೆ ಮಂಜಿನ ಹರಳು ದಪ್ಪಗೆ ಬೆಳೆದು ಎಳೆಗಳನ್ನು ಹರಿದುಬಿಡುತ್ತದೆ. ಕರಗಿಸಿದಾಗ ನೀರು ಬಿಡುತ್ತದೆ. ಆ ನೀರು ಕಾವಲಿ ಮೇಲೆ ಇಳಿದರೆ ಮೀನು ಕಾಯುವುದಿಲ್ಲ, ಬೇಯುತ್ತದೆ, ಮಸಾಲೆ ಕಳಚುತ್ತದೆ. ಗಿರಾಕಿ ಕಾಯುತ್ತಿದ್ದಾರೆಂದು ಉರಿ ಜಾಸ್ತಿ ಮಾಡಿದರೆ ಹೊರಗೆ ಸೀಯುತ್ತದೆ, ಒಳಗೆ ಹಸಿ ಉಳಿಯುತ್ತದೆ. ಹೊಸ ಮೀನಾದರೆ ಬ್ಯಾಡಗಿ ಮೆಣಸು, ಹುಣಸೆಹುಳಿ, ಬೆಳ್ಳುಳ್ಳಿ, ಅರಿಶಿನ ಅರೆದ ಗಟ್ಟಿ ಮಸಾಲೆ ಬಳಿದು ಅರ್ಧ ಗಂಟೆ ಇಟ್ಟು, ತೆಂಗಿನೆಣ್ಣೆಯಲ್ಲಿ ಹದ ಉರಿಯಲ್ಲಿ ಬದಿಗೆ ನಾಲ್ಕು ನಿಮಿಷ ಕಾಯಿಸಿದರೆ ಮಸಾಲೆ ಚರ್ಮಕ್ಕೇ ಹತ್ತಿಕೊಳ್ಳುತ್ತದೆ. ಹೊತ್ತೂ ಮುಖ್ಯ. ಹನ್ನೆರಡೂವರೆಗೆ ಕೂತವರಿಗೆ ಸಿಗುವ ಫ್ರೈ ಎರಡು ಗಂಟೆಗೆ ಸಿಗುವುದಿಲ್ಲ. ಅಷ್ಟರಲ್ಲಿ ಕಾವಲಿಯಲ್ಲಿ ಹಿಂದಿನ ಮೀನುಗಳ ಮಸಾಲೆ ಸೀದು ಎಣ್ಣೆ ಕಹಿಯಾಗಿರುತ್ತದೆ.

"ಇವತ್ತು ಬಂದದ್ದು ಬೂತಾಯಿ." ಆ ಮಾತಿನಲ್ಲಿ ಹುಡುಗನಿಗೆ ಏನು ಲಾಭವಿತ್ತು? ಬೂತಾಯಿ ಮೆನುವಿನಲ್ಲೇ ಅಗ್ಗದ ಮೀನು. ಅಂಜಲ್ ಹೋದರೆ ಬಿಲ್ಲು ದೊಡ್ಡದಾಗುತ್ತದೆ. ತನ್ನ ಧಣಿಗೆ ನಷ್ಟವಾಗುವ ಸಲಹೆಯನ್ನು ಗುರುತಿಲ್ಲದ ಮನುಷ್ಯನಿಗೆ ಕೊಟ್ಟವನನ್ನು ತಲೆಗೆ ಕಟ್ಟುವವನು ಎಂದರು. ಆ ಯಜಮಾನರು ಕೆಟ್ಟವರೇನಲ್ಲ, ಮಕ್ಕಳಿಗೆ ಮುಳ್ಳು ಬಿಡಿಸಿಕೊಡುತ್ತಿದ್ದ ರೀತಿಯಲ್ಲೇ ಗೊತ್ತಾಗುತ್ತಿತ್ತು. ಆದರೆ ಯಾವ ಮೀನು ತಿನ್ನಬೇಕೆಂದು ಮನೆಯಿಂದ ಹೊರಡುವಾಗಲೇ ತೀರ್ಮಾನಿಸಿದ್ದರು. ಗದರಿದ ಗಲ್ಲಾದವರ ಮೇಲೆ ನನಗೆ ಸಿಟ್ಟು ಹೆಚ್ಚು. ಅವರಿಗೆ ನಿಜ ಗೊತ್ತಿತ್ತು.

ಕೇಳುವ ಪ್ರಶ್ನೆ ಬದಲಾಗಬೇಕು. "ಫ್ರೆಶ್ ಇದೆಯಾ?" ಎಂದರೆ ಎಲ್ಲ ಕಡೆ ಒಂದೇ ಉತ್ತರ. "ಇವತ್ತು ಎಂತ ಬಂದಿದೆ?" ಎಂದು ಕೇಳಿ. ಅವರು ಒಂದೆರಡು ಹೆಸರು ಹೇಳಿ ನಿಲ್ಲಿಸಿದರೆ ನಂಬಬಹುದು. ಮಳೆಗಾಲದಲ್ಲಿ ಅಂಜಲ್, ಪಾಂಪ್ಲೆಟ್, ಕಾಣೆ, ಏಡಿ ಎಲ್ಲವೂ ಉಂಟು ಎಂದರೆ ಹೆಚ್ಚಿನದು ಪೆಟ್ಟಿಗೆಯದ್ದು. ಇಡೀ ಮೀನು ತೋರಿಸಿ ಎನ್ನಲು ಸಂಕೋಚ ಬೇಡ. ಕಣ್ಣು ಉಬ್ಬಿ ಹೊಳೆಯಬೇಕು, ಕಿವಿರು ಕೆಂಪಗಿರಬೇಕು, ಬೆರಳಲ್ಲಿ ಒತ್ತಿದ ಗುಳಿ ತಕ್ಷಣ ತುಂಬಿಕೊಳ್ಳಬೇಕು. ಮೆನುವಿನಲ್ಲಿ ದರದ ಜಾಗದಲ್ಲಿ ಸೈಜ್ ಪ್ರಕಾರ ಎಂದಿದ್ದರೆ ಮೀನು ನೋಡಿದ ಮೇಲೆ, ಕಾವಲಿಗೆ ಹಾಕುವ ಮೊದಲೇ ದರ ಕೇಳಬೇಕು. ಬಿಲ್ಲಿನ ಜಗಳಗಳಲ್ಲಿ ಹೆಚ್ಚಿನವು ಇಲ್ಲೇ ಹುಟ್ಟುವುದು.

ಬಂಗುಡೆ, ಬೂತಾಯಿ ತಿನ್ನುವಾಗ ನಾಲಿಗೆ ಚುರುಗುಟ್ಟಿದರೆ, ಅದು ಮೆಣಸಿನ ಖಾರವಲ್ಲ ಅನ್ನಿಸಿದರೆ, ಅಲ್ಲಿಗೇ ನಿಲ್ಲಿಸಿ. ಐಸಿಲ್ಲದೆ ಹೊತ್ತು ಕಳೆದ ಈ ಮೀನುಗಳಲ್ಲಿ ಹಿಸ್ಟಮೈನ್ ಎಂಬ ನಂಜು ಕೂಡುತ್ತದೆ. ಎಷ್ಟು ಹುರಿದರೂ ಅದು ಹೋಗುವುದಿಲ್ಲ. ಮುಖ ಕೆಂಪಾಗಿ ತಲೆನೋವು ಶುರುವಾಗುತ್ತದೆ. ಮರುವಾಯಿ ಎಂಬ ಚಿಪ್ಪನ್ನಂತೂ ಮಳೆಗಾಲದಲ್ಲಿ ಬಿಡುವುದೇ ಲೇಸು. ಹೊಳೆಯ ಕೆಸರು ನೀರನ್ನೇ ಸೋಸಿ ಬದುಕುವ ಜೀವಿ ಅದು. ಬೇರೆ ಕಾಲದಲ್ಲೂ ಬೆಂದ ಮೇಲೆ ಬಾಯಿ ಬಿಡದ ಚಿಪ್ಪನ್ನು ಪಕ್ಕಕ್ಕಿಡಬೇಕು.

ಬೂತಾಯಿ ಬೇಡ ಅನ್ನುವವರು ಹೆದರುವುದು ಮುಳ್ಳಿಗೆ. ಫ್ರೈಯನ್ನು ತಟ್ಟೆಯಲ್ಲಿ ಅಡ್ಡ ಮಲಗಿಸಿ. ಬೆನ್ನಿನ ಗೆರೆಯಲ್ಲಿ ಹೆಬ್ಬೆರಳಿನ ಉಗುರು ಇಳಿಸಿ ತಲೆಯಿಂದ ಬಾಲದವರೆಗೆ ಒಮ್ಮೆ ಎಳೆಯಿರಿ. ಮೇಲಿನ ಹೋಳು ಪೂರ್ತಿ ಕಳಚಿ ಬರುತ್ತದೆ. ಈಗ ಬಾಲ ಹಿಡಿದು ಎತ್ತಿದರೆ ನಡುಮುಳ್ಳು ಬಾಚಣಿಗೆಯಂತೆ ಇಡಿಯಾಗಿ ಮೇಲೆ ಬರುತ್ತದೆ. ಉಳಿದ ಕೂದಲೆಳೆಯ ಮುಳ್ಳು ಚೆನ್ನಾಗಿ ಕಾದಿದ್ದರೆ ಹಲ್ಲಿಗೆ ಪುಡಿ. ಮುಳ್ಳು ಬಾಗಿ ಮಾಂಸಕ್ಕೇ ಅಂಟಿಕೊಂಡರೆ ಇನ್ನೂ ಬೆಂದಿಲ್ಲ, ವಾಪಸು ಕಳಿಸಿ. ಜೊತೆಗೆ ಕುಚ್ಚಲಕ್ಕಿ ಅನ್ನ, ಹುಳಿಖಾರದ ಮೀನುಸಾರು ಪುಳಿಮುಂಚಿ. ತೆಂಗಿನಕಾಯಿ ಹಾಕದ ಪುಳಿಮುಂಚಿ ನಿನ್ನೆಯದಾದರೂ ಹುಳಿಖಾರ ಇಳಿದು ಇನ್ನಷ್ಟು ರುಚಿ. ಕಾಯಿ ಅರೆದ ಗಸಿ ಮಾತ್ರ ಅವತ್ತಿನದೇ ಆಗಬೇಕು.

ಮೀನು ತಿನ್ನದವರು ಆರು ಕಿಲೋಮೀಟರ್ ದೂರದ ಉಡುಪಿಗೆ ಹೋಗುವುದೇ ಸರಿ. ಕೃಷ್ಣಮಠದ ಊಟವಿದೆ, ರಥಬೀದಿಯ ಆಸುಪಾಸಿನಲ್ಲಿ ತಿಂಡಿಯಿದೆ. ಬನ್ಸ್ ಬೆಳಿಗ್ಗೆಯ ತಿಂಡಿ, ಹಿಟ್ಟು ರಾತ್ರಿಯೇ ನೆನೆದಿರಬೇಕು. ಗೋಳಿಬಜೆ ಸಂಜೆಯದ್ದು, ಬಾಣಲೆಯಿಂದ ಇಳಿದು ಹತ್ತು ನಿಮಿಷ ಕಳೆದರೆ ಸಪ್ಪೆ. ಕುಡಿಯಲು ಪುನರ್ಪುಳಿ (ಕೋಕಂ) ಶರಬತ್ತು ಕೇಳಿದಾಗ ಬಣ್ಣ ನೋಡಿ. ಒಣ ಸಿಪ್ಪೆ ನೆನೆಸಿ ಹಿಂಡಿದ್ದು ಗಾಢ ಕೆಂಪು, ಬಾಯಿಗೆ ಹುಳಿಯೊಂದಿಗೆ ಸ್ವಲ್ಪ ಒಗರು. ಥಳಥಳ ಗುಲಾಬಿಯಾಗಿದ್ದು ಬರೀ ಸಿಹಿ ಇದ್ದರೆ ಬಾಟಲಿಯ ಬಣ್ಣ. ಶೇಂದಿ ಕುಡಿಯುವವರು ಬೆಳಿಗ್ಗೆಯೇ ಹೋಗಬೇಕು. ಮರದಿಂದ ಇಳಿದಾಗ ಸಿಹಿ, ಹೊತ್ತೇರಿದಂತೆ ಹುಳಿ, ಸಂಜೆಗೆ ತಲೆಗೇರುವಷ್ಟು ಕಡು.

ಕಡಲತೀರದ ಊರುಗಳ ಮೆನು ಉದ್ದವಾದದ್ದು ಅಡುಗೆಯವರ ಆಸೆಯಿಂದಲ್ಲ. ಬಂದವರೆಲ್ಲ ಹನ್ನೆರಡು ತಿಂಗಳೂ ಅದೇ ನಾಲ್ಕು ಮೀನಿನ ಹೆಸರು ಹೇಳಿದರೆ, ಹೋಟೆಲು ಆ ನಾಲ್ಕನ್ನೂ ಎಲ್ಲಿಂದಾದರೂ ತರಿಸಿಡುತ್ತದೆ. ಬಾಗಿಲಲ್ಲೇ ನಾಡದೋಣಿಯವರು ಬುಟ್ಟಿ ಇಳಿಸಿದರೂ, ಅದನ್ನು ಕೇಳುವ ಗಿರಾಕಿ ಒಳಗಿಲ್ಲ. ಬೋಟುಗಳು ನಿಂತ ಈ ಎರಡು ತಿಂಗಳಲ್ಲಿ ನಾಡದೋಣಿಯವರಿಗೆ ಸಿಗುವ ನಾಲ್ಕು ಕಾಸು ಇಂಥ ಬೂತಾಯಿಯಿಂದಲೇ. ಬೆಂಗಳೂರಿನಲ್ಲೂ ಸಿಗುವ ಮೀನನ್ನು ಕಡಲ ಬದಿಗೆ ಬಂದು ತಿಂದು, ಕಡಲ ಬದಿಯಲ್ಲಷ್ಟೇ ಹೊಸತಾಗಿ ಸಿಗುವುದನ್ನು ಬಿಟ್ಟುಹೋಗುತ್ತಾರಲ್ಲ ಎಂದು ನಿಜಕ್ಕೂ ಸಂಕಟವಾಗುತ್ತದೆ.

ಆ ಕುಟುಂಬ ಎದ್ದುಹೋದಾಗ ತಟ್ಟೆಗಳಲ್ಲಿ ಅಂಜಲ್ ಅರ್ಧರ್ಧ ಉಳಿದಿತ್ತು. ಹುಡುಗ ಟೇಬಲ್ ಒರೆಸಿದ. ಮಳೆಯಲ್ಲಿ ನೆನೆದ ನಾಲ್ಕು ಮಂದಿ ಅದೇ ಜಾಗದಲ್ಲಿ ಕೂತರು. ಅವರಲ್ಲಿದ್ದ ವಯಸ್ಸಾದ ಹೆಂಗಸು ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಕೇಳಿದರು: "ಇವತ್ತು ಎಂತ ಒಳ್ಳೆದುಂಟು ಮಗಾ?"

ಹುಡುಗ ಒಮ್ಮೆ ಗಲ್ಲಾದ ಕಡೆ ನೋಡಿದ.

"ಎಲ್ಲ ಫ್ರೆಶ್ ಉಂಟು ಅಮ್ಮ," ಅಂದ.